ಗಿಟಾರು ಬಾರದವನ ಪೆಟ್ಟಿಗೆ

ಈ ಸಲದ ಸಂಚಿಕೆಗೆ ಪ್ರತಿಯೊಬ್ಬರೂ ಒಬ್ಬ ಹೆಸರಾಂತ ವ್ಯಕ್ತಿಯ ಬದುಕನ್ನು ಬರೆದುಕೊಡಬೇಕು ಅಂತ ನಮ್ಮ ಬಳಗದ ಕಾರ್ಯದರ್ಶಿ ತಾಕೀತು ಮಾಡಿದಾಗ, ಒಳ್ಳೊಳ್ಳೆ ಹೆಸರುಗಳೆಲ್ಲ ಒಂದೇ ಸಂಜೆಯಲ್ಲಿ ಖರ್ಚಾಗಿಹೋದವು. ಶರೀಫಜ್ಜನನ್ನು ಒಬ್ಬ ಹಿಡಿದ. ಮುದ್ದಣನನ್ನು ಒಬ್ಬಳು ಹಿಡಿದಳು. ವಿಶ್ವೇಶ್ವರಯ್ಯನವರಿಗಂತೂ ಮೂರು ಕೈ ಮೇಲೆದ್ದವು. ನನ್ನ ಸರದಿ ಬಂದಾಗ ಲಿಯೋ ಫೆಂಡರ್ ಅಂದೆ. ಇಬ್ಬರು ನಕ್ಕರು. ಇನ್ನೊಬ್ಬರು, ಆತ ಯಾವ ದೇಶದ ಕವಿ ಅಂತ ಗಂಭೀರವಾಗಿಯೇ ಕೇಳಿದರು.

ಕವಿ ಅಲ್ಲ ಗೆಳೆಯರೇ. ಆತ ಅಮೆರಿಕದ ಒಬ್ಬ ರೇಡಿಯೋ ರಿಪೇರಿಯವನು. ಇವತ್ತು ಯಾವ ಆರ್ಕೆಸ್ಟ್ರಾದಲ್ಲಾದರೂ ನೀವು ನೋಡುವ ಎಲೆಕ್ಟ್ರಿಕ್ ಗಿಟಾರಿಗೆ, ಅದರ ಅಣ್ಣನಂತಿರುವ ನಾಲ್ಕು ತಂತಿಯ ಬೇಸ್ ಗಿಟಾರಿಗೆ ಈಗಿನ ರೂಪ ಕೊಟ್ಟವರಲ್ಲಿ ಮೊದಲ ಸಾಲಿನವನು. ಸೋಜಿಗ ಏನಂದ್ರೆ, ಆತನಿಗೆ ಗಿಟಾರು ನುಡಿಸೋಕೆ ಬರುತ್ತಿರಲಿಲ್ಲ. 1991ರಲ್ಲಿ ತೀರಿಕೊಳ್ಳುವವರೆಗೂ ಕಲಿಯಲಿಲ್ಲ.

ಇಂಥವನ ಗೊಡವೆ ನನಗೆ ಯಾಕೆ ಬಂತು ಅಂತ ಮೊದಲು ಹೇಳಬೇಕು. ನಮ್ಮದು ಧಾರವಾಡದ ಕಡೆಯ ಮನೆತನ. ಆದರೆ ಅಪ್ಪ ಕೆಲಸಕ್ಕೆ ಅಂತ ವಡೋದರಾಕ್ಕೆ ಹೋಗಿ ಅಲ್ಲೇ ನಿಂತರು. ನೀವೆಲ್ಲ ದಸರೆ ರಜೆಗೆ ಊರಿಗೆ ಹೋಗಿ ಬನ್ನಿ ಕೊಟ್ಟು ಬಂಗಾರದ ಹಾಗೆ ಇರೋಣ ಅನ್ನುವ ಹೊತ್ತಿಗೆ, ನಾನು ರೈಲು ಹತ್ತಿ ಗುಜರಾತಿಗೆ ಹೋಗಿ ನವರಾತ್ರಿಯ ಗರ್ಬಾ ಮೇಳದಲ್ಲಿ ಬೇಸ್ ಗಿಟಾರು ನುಡಿಸುತ್ತೇನೆ. ಮೂರು ವರ್ಷದಿಂದ ಇದೇ ನಡೆದಿದೆ. ಹಬ್ಬಕ್ಕೆ ಮುಂಚೆ ಸೂರತ್ತಿನಲ್ಲಿ ಒಂದು ಕಾರ್ಯಕ್ರಮ, ಒಂಬತ್ತು ರಾತ್ರಿ ಅಹಮದಾಬಾದಿನಲ್ಲಿ, ಆಮೇಲೆ ಶರದ್ ಪೂರ್ಣಿಮೆಗೆ ವಡೋದರಾದಲ್ಲಿ. ಅದರಿಂದ ಬಂದ ದುಡ್ಡಿನಲ್ಲಿ ನನ್ನ ಫೀ, ಹಾಸ್ಟೆಲು, ಪುಸ್ತಕ. ಅಪ್ಪ ಲೆಕ್ಕ ಬರೆಯುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಅವರು ನಾಲ್ಕು ಅಂಗಡಿಗಳ ಖಾತೆ ನೋಡಿಕೊಳ್ಳುತ್ತಾರೆ. ಅವ್ವ ನವರಾತ್ರಿಯ ಚಣಿಯಾ ಚೋಳಿಗಳಿಗೆ ಕನ್ನಡಿ ಚೂರು ಹೊಲಿದು ಕೊಡುತ್ತಾಳೆ. ಹೀಗಿರುವಾಗ ಒಂದು ಸ್ಪೀಕರ್ ಪೆಟ್ಟಿಗೆ ಕೊಳ್ಳೋದು ಅಂದ್ರೆ ನಮ್ಮ ಮನೆಯಲ್ಲಿ ಹುಡುಗಾಟದ ಮಾತಲ್ಲ.

ಅಹಮದಾಬಾದಿನ ಒಂದು ಅಂಗಡಿಯಲ್ಲಿ ಹಳೆಯ ಪೆಟ್ಟಿಗೆ ಎರಡಿದ್ದವು. ಒಂದರಲ್ಲಿ 15 ಇಂಚಿನ ಒಂದೇ ಸ್ಪೀಕರು. ಇನ್ನೊಂದರಲ್ಲಿ 10 ಇಂಚಿನ ನಾಲ್ಕು. ಬೆಲೆ ಹೆಚ್ಚು ಕಡಿಮೆ ಒಂದೇ. ಯಾವುದು ತರಬೇಕು? ಮೇಳದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಗೊತ್ತಾಗದೆ ಓದೋಕೆ ಕೂತಾಗ ಕಂಡಿದ್ದು ಈ ಮನುಷ್ಯನ ಬದುಕು. ಇದೇ 15ಕ್ಕೂ 10ಕ್ಕೂ ನಡುವೆ ಆತನೂ ಒಮ್ಮೆ ನಿಂತಿದ್ದ.

1

ಪೂರ್ಣ ಹೆಸರು ಕ್ಲಾರೆನ್ಸ್ ಲಿಯೋನಿಡಾಸ್ ಫೆಂಡರ್. ಹುಟ್ಟಿದ್ದು 1909ರ ಆಗಸ್ಟ್ 10ರಂದು, ಕ್ಯಾಲಿಫೋರ್ನಿಯಾದ ಅನಾಹೈಮ್ ಮತ್ತು ಫುಲರ್ಟನ್ ಊರುಗಳ ನಡುವೆ. ತಂದೆತಾಯಿ ಕಿತ್ತಳೆ ತೋಟದವರು. ಎಂಟನೆಯ ವಯಸ್ಸಿನಲ್ಲಿ ಗಡ್ಡೆಯೊಂದು ಬೆಳೆದು ಎಡಗಣ್ಣು ಹೋಯಿತು. ಅಲ್ಲಿಂದ ಮುಂದೆ ಗಾಜಿನ ಕಣ್ಣು.

ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ, 1922ರ ಸುಮಾರಿಗೆ, ಹುಡುಗ ತನ್ನ ಬಂಧುವೊಬ್ಬನ ಅಂಗಡಿಗೆ ಹೋದ. ಅದು ಮೋಟಾರು ಗಾಡಿಗಳ ವಿದ್ಯುತ್ ಸಾಮಾನು ರಿಪೇರಿ ಮಾಡುವ ಅಂಗಡಿ. ಅಲ್ಲಿಯ ಯಜಮಾನ ಬಿಡಿಭಾಗಗಳನ್ನೇ ಜೋಡಿಸಿ ಒಂದು ರೇಡಿಯೋ ಕಟ್ಟಿ ಅಂಗಡಿಯ ಮುಂದೆ ಇಟ್ಟಿದ್ದ. ಅದರ ಸ್ಪೀಕರಿನಿಂದ ಹೊರಬಿದ್ದ ದೊಡ್ಡ ಸಂಗೀತ ಹುಡುಗನ ಎದೆಯಲ್ಲಿ ಕೂತುಬಿಟ್ಟಿತು. ಮುಂದೆ ಗಿಟಾರುಗಳಿಂದ ಹೆಸರು ಮಾಡಿದ ಈತನಿಗೆ ಮೊದಲು ಹಿಡಿದ ಹುಚ್ಚು ಗಿಟಾರಿನದಲ್ಲ, ಸ್ಪೀಕರಿನದು. ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು.

ಕಾಲೇಜಿನಲ್ಲಿ ಓದಿದ್ದು ಮಾತ್ರ ಲೆಕ್ಕಪತ್ರ. ಮಂಜುಗಡ್ಡೆ ಕಂಪನಿಯೊಂದರಲ್ಲಿ ಸರಕು ಮುಟ್ಟಿಸುವವನಾಗಿ ಸೇರಿ, ಆಮೇಲೆ ಅಲ್ಲೇ ಲೆಕ್ಕ ಬರೆದ. ಆ ದಿನಗಳಲ್ಲಿ ಊರಿನ ಒಬ್ಬ ಬ್ಯಾಂಡ್ ಮಾಸ್ತರ ಬಂದು, ಹಾಲಿವುಡ್ಡಿನ ನೃತ್ಯಕೂಟಗಳಿಗೆ ಆರು ಧ್ವನಿವರ್ಧಕಗಳನ್ನು ಮಾಡಿಕೊಡು ಅಂತ ಕೇಳಿದ. ಮಾಡಿಕೊಟ್ಟ. 1934ರಲ್ಲಿ ಎಸ್ತರ್ ಎಂಬವಳನ್ನು ಮದುವೆಯಾದ. ರಾಜ್ಯದ ಹೆದ್ದಾರಿ ಇಲಾಖೆಯಲ್ಲಿ ಲೆಕ್ಕಿಗನ ಕೆಲಸ ಸಿಕ್ಕಿತು. ಆದರೆ ಅದು ಮಹಾ ಕುಸಿತದ ಕಾಲ. ಆ ಕೆಲಸ ಹೋಯಿತು. ಟೈರು ಕಂಪನಿಯೊಂದರ ಲೆಕ್ಕ ಬರೆಯೋಕೆ ಸೇರಿದ, ಆರು ತಿಂಗಳಿಗೆ ಅದೂ ಹೋಯಿತು.

ಈ ಭಾಗವನ್ನು ನಾನು ಓದುತ್ತಿದ್ದಾಗ ಅಪ್ಪ ಪಕ್ಕದಲ್ಲೇ ಯಾರದೋ ಅಂಗಡಿಯ ಖಾತೆ ಕೂಡಿಸುತ್ತಿದ್ದರು. ಅವರಿಗೆ ಓದಿ ಹೇಳೋಣ ಅನ್ನಿಸಿತು. ಹೇಳಲಿಲ್ಲ.

1938ರಲ್ಲಿ 600 ಡಾಲರು ಸಾಲ ಮಾಡಿ, ಫುಲರ್ಟನ್ನಿಗೆ ಮರಳಿ, ಲಿಯೋ ಒಂದು ರೇಡಿಯೋ ರಿಪೇರಿ ಅಂಗಡಿ ತೆರೆದ. ಮನೆಗೆ ಆಧಾರ ಅಂದ್ರೆ ಎಸ್ತರಳ ಟೆಲಿಫೋನ್ ಕಂಪನಿಯ ಸಂಬಳ. ಅಂಗಡಿಗೆ ರೇಡಿಯೋ ಹೊತ್ತವರು ಬಂದರು. ಅವರ ಹಿಂದೆಯೇ ಮೇಳದವರೂ ಬಂದರು. ಮೈಕು, ಆಂಪ್ಲಿಫೈಯರು, ಸ್ಪೀಕರು ಕಟ್ಟಿಕೊಡು, ಬಾಡಿಗೆಗೆ ಕೊಡು, ಕೆಟ್ಟಿದ್ದನ್ನು ನೋಡು ಅಂತ. ನಮ್ಮೂರಿನ ಜಾತ್ರೆಗೆ ಮೈಕ್ ಸೆಟ್ಟು ಕಟ್ಟುವವನ ಬದುಕು ಹೇಗೋ ಹಾಗೆಯೇ ಇತ್ತು ಅನ್ನಿ. ಒಂದೇ ವ್ಯತ್ಯಾಸ, ಈತ ಬಂದವರ ದೂರನ್ನು ಕಿವಿಗೊಟ್ಟು ಕೇಳುತ್ತಿದ್ದ. ತನಗೆ ನುಡಿಸೋಕೆ ಬಾರದ್ದರಿಂದ ಕೇಳಿಸಿಕೊಳ್ಳದೆ ಬೇರೆ ದಾರಿಯೂ ಇರಲಿಲ್ಲ.

2

1940ರ ದಶಕದ ನಡುವೆ ಒಬ್ಬ ಜೊತೆಗಾರನೊಂದಿಗೆ ಹವಾಯಿಯನ್ ಗಿಟಾರುಗಳನ್ನೂ ಅವಕ್ಕೆ ಬೇಕಾದ ಸಣ್ಣ ಆಂಪ್ಲಿಫೈಯರುಗಳನ್ನೂ ಮಾಡೋಕೆ ಶುರು ಮಾಡಿದ. 1946ರಲ್ಲಿ ಜೊತೆಗಾರ ಬಿಟ್ಟುಹೋದ. ಲಿಯೋ ತನ್ನ ಹೆಸರಿನಲ್ಲೇ ಮುಂದುವರಿದ. 1950ರಲ್ಲಿ ಪೊಳ್ಳು ಹೊಟ್ಟೆಯಿಲ್ಲದ, ಗಟ್ಟಿ ಹಲಗೆಯ ಗಿಟಾರು ಬಂತು. ಅದೇ ಮುಂದೆ ಟೆಲಿಕ್ಯಾಸ್ಟರ್ ಅನ್ನಿಸಿಕೊಂಡಿತು. 1951ರಲ್ಲಿ ಬಂದದ್ದು ನಮ್ಮ ಕಥೆಗೆ ಬೇಕಾದ್ದು, ಪ್ರಿಸಿಷನ್ ಬೇಸ್.

ಅದಕ್ಕೆ ಮುಂಚೆ ಮೇಳದ ಕೆಳಸ್ವರ ನುಡಿಸುತ್ತಿದ್ದವನ ಪಾಡು ನೆನೆಸಿಕೊಳ್ಳಿ. ಆಳೆತ್ತರದ ಡಬಲ್ ಬೇಸ್. ಪಿಟೀಲಿನ ಮುತ್ತಜ್ಜ. ಕಾರಿನಲ್ಲಿ ಹಿಡಿಸೋದಿಲ್ಲ, ಬಸ್ಸಿನಲ್ಲಿ ಹತ್ತಿಸೋದಿಲ್ಲ. ಅಷ್ಟು ಕಷ್ಟಪಟ್ಟು ತಂದರೂ ಡ್ರಮ್ಮು, ತುತ್ತೂರಿಗಳ ಎದುರು ಅದರ ದನಿ ಯಾರಿಗೂ ಕೇಳಿಸೋದಿಲ್ಲ. ಮನೆಗಳು ಇಲ್ಲದ ಉದ್ದ ಕೊರಳಿನ ಮೇಲೆ ಬೆರಳು ಒಂದು ಎಳೆ ಆಚೀಚೆ ಆದರೆ ಅಪಸ್ವರ ಬೇರೆ. ಲಿಯೋ ಈ ಮೂರು ದೂರಿಗೂ ಒಂದೇ ಉತ್ತರ ಕೊಟ್ಟ. ಹೆಗಲಿಗೆ ನೇತುಹಾಕುವ, ಗಿಟಾರಿನಂತೆ ಮನೆಗಳಿರುವ, ವಿದ್ಯುತ್ತಿನಿಂದ ದನಿ ಬರುವ ಬೇಸ್. ಮನೆಗಳಿದ್ದರೆ ಸ್ವರ ಖಚಿತ, ಅದಕ್ಕೇ ಆ ಹೆಸರು. ಸಿಯಾಟಲ್ಲಿನ ಪಾಲ್ ಟಟ್ಮಾರ್ಕ್ ಎಂಬವನು 1930ರ ದಶಕದಲ್ಲೇ ಇಂಥದ್ದೊಂದನ್ನು ಮಾಡಿದ್ದ, ಅದು ಓಡಲಿಲ್ಲ. ಲಿಯೋನದು ಓಡಿತು.

ಓಡಿದ ಕೂಡಲೆ ಹೊಸ ತೊಂದರೆ. ಗಟ್ಟಿ ಹಲಗೆಗೆ ಹೊಟ್ಟೆಯಿಲ್ಲ. ನಮ್ಮ ವೀಣೆಗೆ ಹಲಸಿನ ಕೊಡ ಇದೆ, ತಂಬೂರಿಗೆ ಸೋರೆಬುರುಡೆ ಇದೆ. ಈ ಹೊಸ ವಾದ್ಯ ತನ್ನ ಹೊಟ್ಟೆಯನ್ನು ಮನೆಯ ಹೊರಗೆ ಇಟ್ಟುಬಂದ ಹಾಗೆ. ಆ ಹೊಟ್ಟೆಯೇ ಸ್ಪೀಕರ್ ಪೆಟ್ಟಿಗೆ. ಬೇಸ್ ಕೊಂಡವನಿಗೆ ಪೆಟ್ಟಿಗೆಯನ್ನೂ ಕೊಡದಿದ್ದರೆ ಅರ್ಧ ವಾದ್ಯ ಮಾರಿದಂತೆ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳ್ತೀನಿ, ಕಲಾ ವಿಭಾಗದವರು ಹೆದರಬೇಡಿ. ಬೇಸ್ ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಆ ಒಂದು ಅಲೆಯ ಉದ್ದ 8 ಮೀಟರಿಗೂ ಮೇಲೆ. ಅಂಥ ಅಲೆ ಎಬ್ಬಿಸೋಕೆ ಬಹಳ ಗಾಳಿಯನ್ನು ನೂಕಬೇಕು. ಸ್ಪೀಕರಿನ ಕಾಗದದ ಕೋನು ಮುಂದಕ್ಕೆ ನೂಕಿದಾಗ ಹಿಂದೆ ಗಾಳಿ ತೆಳುವಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಮುಂದಿನ ಗಾಳಿ ಸುತ್ತಿಬಂದು ಹಿಂದಿನ ಖಾಲಿ ತುಂಬಿಬಿಡುತ್ತದೆ, ಕೆಳಸ್ವರ ಅಲ್ಲೇ ಸತ್ತುಹೋಗುತ್ತದೆ. ಪೆಟ್ಟಿಗೆಯನ್ನು ಪೂರ್ತಿ ಮುಚ್ಚಿದರೆ ಸ್ವರ ಬಿಗಿಯಾಗಿ ಬರುತ್ತದೆ. ಅಳತೆ ನೋಡಿ ಒಂದು ತೂತು ಬಿಟ್ಟರೆ ಹಿಂದಿನ ಗಾಳಿಯೂ ಕೆಲಸಕ್ಕೆ ಬಂದು ಸ್ವರ ಇನ್ನಷ್ಟು ಕೆಳಗಿಳಿಯುತ್ತದೆ. ಆದರೆ ಆ ತೂತಿನ ಮಿತಿಗಿಂತ ಕೆಳಗೆ ಹೋದರೆ ಕೋನಿಗೆ ಹಿಡಿತ ತಪ್ಪಿ ಬಡಿದಾಡುತ್ತದೆ. ಸಣ್ಣ ಪೆಟ್ಟಿಗೆ, ಆಳದ ಸ್ವರ, ಕಡಿಮೆ ಶಕ್ತಿಯಲ್ಲಿ ದೊಡ್ಡ ದನಿ, ಈ ಮೂರನ್ನೂ ಒಟ್ಟಿಗೆ ಯಾವ ಬಡಗಿಯೂ ಕೊಡಲಾರ. ಎರಡು ಬೇಕಾದರೆ ಮೂರನೆಯದನ್ನು ಬಿಡಬೇಕು.

1952ರಲ್ಲಿ ಲಿಯೋ ಬೇಸಿಗಾಗಿಯೇ ಮಾಡಿದ ಆಂಪ್ಲಿಫೈಯರಿನ ಹೆಸರು ಬೇಸ್‌ಮನ್. ಅದರೊಳಗೆ 15 ಇಂಚಿನ ಒಂದೇ ಸ್ಪೀಕರು, ಹಿಂಬದಿಯ ಹಲಗೆಯಲ್ಲಿ ಎರಡು ದುಂಡು ತೂತು. ಕೆಳಸ್ವರಕ್ಕೆ ದೊಡ್ಡ ಕೋನು ಬೇಕು ಅನ್ನೋದು ಯಾರಿಗಾದರೂ ತೋಚುವ ಮಾತು. ನನಗೂ ಅದೇ ತೋಚಿತು.

3

ಮೊದಲ ವರ್ಷದ ದುಡಿಮೆಯಿಂದ 18,000 ರೂಪಾಯಿ ಕೊಟ್ಟು 15 ಇಂಚಿನ ಪೆಟ್ಟಿಗೆಯನ್ನೇ ತಂದೆ. ಅಂಗಡಿಯಲ್ಲಿ ನುಡಿಸಿದಾಗ ನೆಲ ನಡುಗಿ ಪ್ಯಾಂಟು ಅಲ್ಲಾಡಿತು. ಅಷ್ಟಕ್ಕೇ ಸೋತುಹೋದೆ. ಅದರ ಗುಂಡಿಯಲ್ಲಿ ಬೇಸನ್ನು ಪೂರ್ತಿ ಏರಿಸಿಟ್ಟು ಸೂರತ್ತಿಗೆ ಹೋದೆ.

ಸೂರತ್ತಿನದು ಒಳಾಂಗಣದ ಗರ್ಬಾ. ಮೇಲೆ ಚಾವಣಿ, ನಾಲ್ಕೂ ಕಡೆ ಗೋಡೆ, ಒಳಗೆ ಏರ್ ಕಂಡೀಷನ್. ಎರಡನೆಯ ಹಾಡಿಗೇ ಹಾಡುವ ಬೇನ್ ನನ್ನ ಕಡೆ ತಿರುಗಿ ಕೈಯಿಂದಲೇ ಇಳಿಸು ಅಂದರು. ಇಳಿಸಿದೆ. ಈಗ ನನ್ನದು ನನಗೇ ಕೇಳಿಸಲಿಲ್ಲ. ಏರಿಸಿದೆ. ಆರು ಮಾತ್ರೆಯ ಹೀಂಚ್ ತಾಳದಲ್ಲಿ ತಿರುಗುತ್ತಿದ್ದ ಹೊರಸುತ್ತಿನ ಮಂದಿ ಚಪ್ಪಾಳೆಯನ್ನು ಒಂದು ಎಳೆ ತಡವಾಗಿ ತಟ್ಟತೊಡಗಿದರು. ನನ್ನ ಸ್ವರ ಗೋಡೆಗೆ ಬಡಿದು ಮರಳಿ ಬಂದು, ಢೋಲಿನ ಪೆಟ್ಟನ್ನೇ ಮಬ್ಬು ಮಾಡಿತ್ತು. ಕಾರ್ಯಕ್ರಮ ಮುಗಿದ ಮೇಲೆ ಮೇಳದ ಯಜಮಾನರು, ಮುಂದಿನ ವರ್ಷ ಕೀಬೋರ್ಡಿನವನೇ ಎಡಗೈಯಲ್ಲಿ ಬೇಸ್ ನುಡಿಸಿದರೆ ಸಾಕೇನೋ ಅಂತ ಬೇರೆಯವರ ಹತ್ತಿರ ಹೇಳುತ್ತಿದ್ದರು. ನನಗೆ ಕೇಳಲಿ ಅಂತಲೇ ಹೇಳಿದ್ದು ಅನ್ನಿಸಿತು. ಅಂದ್ರೆ ನನ್ನ ಮುಂದಿನ ವರ್ಷದ ಫೀ ಹೋದ ಹಾಗೆ.

ಅವತ್ತು ಅಪ್ಪ ಬಂದಿದ್ದರು. ವಡೋದರಾದಿಂದ ಸೂರತ್ತು 150 ಕಿಲೋಮೀಟರ್ ಹತ್ತಿರ. ಮಗ ಏನು ಮಾಡುತ್ತಾನೆ ನೋಡೋಣ ಅಂತ ಮೊದಲ ಸಲ ಬಂದವರು. ಮರಳುವಾಗ ಛೋಟಾ ಹಾಥಿಯಲ್ಲಿ, ಅಂದ್ರೆ ನಾವು ಟಾಟಾ ಏಸ್ ಅನ್ನುತ್ತೇವಲ್ಲ ಅದರಲ್ಲಿ, ಪೆಟ್ಟಿಗೆಯ ಪಕ್ಕ ಇಬ್ಬರೂ ಕೂತೆವು. ಭರೂಚ್ ದಾಟುವವರೆಗೆ ಅಪ್ಪ ಮಾತಾಡಲಿಲ್ಲ. ಆಮೇಲೆ, ಹಿಂದಿನ ಗೋಡೆಯ ಹತ್ತಿರ ಬರೀ ಗುಂಯ್ ಅನ್ನುತ್ತಿತ್ತು, ನಡುವೆ ನಿಂತರೆ ಏನೂ ಇರಲಿಲ್ಲ, ನೀನು ಎಲ್ಲಿ ನಿಂತು ಕೇಳಿ ಕೊಂಡೆ ಅಂತ ಕೇಳಿದರು. ಅಂಗಡಿಯಲ್ಲಿ ಅದರ ಮುಂದೆಯೇ ನಿಂತು ಅಂದೆ. ಅಪ್ಪ ತಲೆಯಾಡಿಸಿ ಸುಮ್ಮನಾದರು.

ಲಿಯೋನ ಬದುಕಿನಲ್ಲಿ ನನಗೆ ಆಮೇಲೆ ಕಣ್ಣಿಗೆ ಬಿದ್ದ ಸಂಗತಿ ಇದೇ. ಆತ ತನ್ನ ಪೆಟ್ಟಿಗೆಗಳನ್ನು ನುಡಿಸುವವರ ಕೈಗೆ ಕೊಟ್ಟು ಕಳಿಸುತ್ತಿದ್ದ. ರಾತ್ರಿ ನೃತ್ಯಶಾಲೆಗಳಲ್ಲಿ ಅವರು ಅದನ್ನು ಬಳಸಿ, ಬೈದು, ಮರಳಿ ತರುತ್ತಿದ್ದರು. ಆತ ಮತ್ತೆ ಬಿಚ್ಚುತ್ತಿದ್ದ. 1953ರಲ್ಲಿ ಹವಾಯಿಯ ಫ್ರೆಡ್ಡಿ ತವಾರಿಸ್ ಎಂಬ ಒಳ್ಳೆಯ ವಾದಕನನ್ನೇ ಕಾರ್ಖಾನೆಗೆ ಸೇರಿಸಿಕೊಂಡ. ತನಗೆ ಇಲ್ಲದ ಬೆರಳುಗಳನ್ನು ಸಂಬಳಕ್ಕೆ ಇಟ್ಟುಕೊಂಡ ಹಾಗೆ. 1954ರ ಕೊನೆಯ ಹೊತ್ತಿಗೆ ಬೇಸ್‌ಮನ್ನಿನ ಒಳಗಿನ 15 ಇಂಚಿನ ಸ್ಪೀಕರು ಹೋಗಿ, ಆ ಜಾಗದಲ್ಲಿ 10 ಇಂಚಿನ ನಾಲ್ಕು ಬಂದಿದ್ದವು.

ಇದನ್ನು ಓದಿ ನಾನು ಅಪ್ಪನಿಗೆ ಹೇಳಿದೆ. ನಾಲ್ಕು ಸಣ್ಣವು ಒಂದು ದೊಡ್ಡದಕ್ಕೆ ಹೇಗೆ ಸಮ ಅಂತ ಅವರ ಪ್ರಶ್ನೆ. ಖಾತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಅವರೇ ಲೆಕ್ಕ ಹಾಕಿದರು. ವೃತ್ತದ ಕ್ಷೇತ್ರಫಲ ವ್ಯಾಸದ ವರ್ಗಕ್ಕೆ ತಕ್ಕಂತೆ ಇರುತ್ತದೆ. 15ನ್ನು 15ರಿಂದ ಗುಣಿಸಿದರೆ 225. ಹತ್ತನ್ನು ಹತ್ತರಿಂದ ಗುಣಿಸಿ, ನಾಲ್ಕರಿಂದ ಗುಣಿಸಿದರೆ 400. ಸಮ ಅಲ್ಲ, ಮುಕ್ಕಾಲು ಪಾಲಿಗೂ ಹೆಚ್ಚು ಜಾಸ್ತಿ. ಅಷ್ಟು ಹೆಚ್ಚು ಕಾಗದ ಗಾಳಿಯನ್ನು ನೂಕುತ್ತದೆ. ಬಿಸಿಯೂ ನಾಲ್ಕು ಸುರುಳಿಗಳಿಗೆ ಹಂಚಿಹೋಗುವುದರಿಂದ ಸುಟ್ಟುಹೋಗುವ ಭಯ ಕಡಿಮೆ. ಅಪ್ಪ 400ರ ಕೆಳಗೆ ಎರಡು ಗೆರೆ ಎಳೆದರು, ವರ್ಷದ ಕೊನೆಯ ಮೊತ್ತಕ್ಕೆ ಎಳೆಯುವ ಹಾಗೆ.

4

ಹಾಗಾದರೆ ನಾಲ್ಕು ಹತ್ತೇ ಸರಿ ಅಂತ ಮುಗಿಸಿಬಿಡಬಹುದಿತ್ತು. ಲಿಯೋನ ಕಥೆ ಅಷ್ಟು ಸರಳ ಅಲ್ಲ. ಆ ಪೆಟ್ಟಿಗೆಯ ಹಿಂಬದಿ ತೆರೆದಿತ್ತು. ಆಳದ ಸ್ವರಕ್ಕೆ ಅದು ಒಳ್ಳೆಯದಲ್ಲ. ಬೇಸಿಗೆ ಅಂತ ಮಾಡಿದ್ದನ್ನು ಮಾಮೂಲಿ ಗಿಟಾರಿನವರು ಎತ್ತಿಕೊಂಡು, ಇದರಷ್ಟು ಇಂಪು ಬೇರೊಂದಿಲ್ಲ ಅಂತ ತಲೆಯ ಮೇಲೆ ಹೊತ್ತು ಮೆರೆಸಿದರು. 1962ರಲ್ಲಿ ಲಂಡನ್ನಿನ ಅಂಗಡಿಕಾರ ಜಿಮ್ ಮಾರ್ಷಲ್ ಎಂಬವನು, ಬೇಸ್‌ಮನ್ನಿನ ಒಳಗಿನ ಸರ್ಕ್ಯೂಟನ್ನೇ ಮಾದರಿ ಮಾಡಿಕೊಂಡು ತನ್ನ ಆಂಪ್ಲಿಫೈಯರು ಕಟ್ಟಿಸಿದ. ಅದಕ್ಕೆ ಜೋಡಿಯಾಗಿ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ 12 ಇಂಚಿನ ನಾಲ್ಕು ಸ್ಪೀಕರು ಬಂದವು. ರಾಕ್ ಸಂಗೀತದ ಅಬ್ಬರಕ್ಕೆಲ್ಲ ಅದೇ ಬುನಾದಿಯಾಯಿತು. ಅಂದ್ರೆ, ನುಡಿಸಲು ಬಾರದವನು ಕೆಳಸ್ವರಕ್ಕೆ ಮಾಡಿದ ಪೆಟ್ಟಿಗೆ ಇನ್ಯಾರದೋ ಮೇಲುಸ್ವರಕ್ಕೆ ತಾಯಿಯಾಯಿತು. ಲಿಯೋಗೆ ಇಷ್ಟವಿದ್ದದ್ದು ಹಳ್ಳಿಗಾಡಿನ ಹಾಡು, ಹವಾಯಿಯ ಹಾಡು.

ಆದರೂ ಆತ ಬೇಸಿನವರ ದೂರನ್ನು ಮರೆಯಲಿಲ್ಲ. 1961ರ ಹೊತ್ತಿಗೆ ಬೇಸ್‌ಮನ್ನನ್ನು ಎರಡು ತುಂಡು ಮಾಡಿದ. ಆಂಪ್ಲಿಫೈಯರು ಬೇರೆ, ಮುಚ್ಚಿದ ಸ್ಪೀಕರ್ ಪೆಟ್ಟಿಗೆ ಬೇರೆ. ಈ ಬಾರಿ ಒಳಗಿದ್ದದ್ದು 12 ಇಂಚಿನ ಸ್ಪೀಕರು. ಹದಿನೈದು, ಹತ್ತು, ಹನ್ನೆರಡು. ಹತ್ತು ವರ್ಷದಲ್ಲಿ ಮೂರು ಉತ್ತರ. ಆತನ ಕೈಬಿಟ್ಟ ಮೇಲೂ ಹುಡುಕಾಟ ನಿಲ್ಲಲಿಲ್ಲ. 1969ರಲ್ಲಿ ಆಂಪೆಗ್ ಎಂಬ ಇನ್ನೊಂದು ಕಂಪನಿ ಮುಚ್ಚಿದ ಪೆಟ್ಟಿಗೆಯಲ್ಲಿ 10 ಇಂಚಿನ ಎಂಟು ಸ್ಪೀಕರು ಹಾಕಿ, ಅಂಥ ಎರಡು ಪೆಟ್ಟಿಗೆಗಳಿಗೆ 300 ವಾಟಿನ ಆಂಪ್ಲಿಫೈಯರು ಜೋಡಿಸಿತು. ದೊಡ್ಡ ಮೈದಾನಗಳ ಬೇಸ್ ಅಂದ್ರೆ ಬಹುಕಾಲ ಅದೇ. ಅಂಥ ಪೆಟ್ಟಿಗೆ ಒಂದರ ತೂಕ 60 ಕಿಲೋಗೂ ಮೇಲೆ. ಅದನ್ನು ಹೊರೋಕೆ ಎರಡು ಆಳು, ಇಳಿಸೋಕೆ ಎರಡು ಆಳು.

1950ರ ದಶಕದಲ್ಲಿ ಲಿಯೋಗೆ ಗಂಟಲು ಮೂಗುಗಳ ಸೋಂಕು ಅಂಟಿಕೊಂಡಿತು. ವರ್ಷಗಟ್ಟಲೆ ಬಿಡಲಿಲ್ಲ. ತಾನು ಹೆಚ್ಚು ದಿನ ಇರಲಾರೆ ಅನ್ನಿಸಿ ಕಂಪನಿ ಮಾರಲು ಹೊರಟ. 1965ರ ಜನವರಿಯಲ್ಲಿ ಸಿ.ಬಿ.ಎಸ್. ಸಂಸ್ಥೆ 1 ಕೋಟಿ 30 ಲಕ್ಷ ಡಾಲರಿಗೆ ಅದನ್ನು ಕೊಂಡಿತು. 600 ಡಾಲರ್ ಸಾಲದಿಂದ ಅಲ್ಲಿಯವರೆಗೆ 27 ವರ್ಷ. ಆಮೇಲೆ ಬೇರೆ ವೈದ್ಯರು ನೋಡಿದರು, ಕಾಯಿಲೆ ವಾಸಿಯಾಯಿತು. ಕಂಪನಿ ಮಾತ್ರ ಮರಳಿ ಬರಲಿಲ್ಲ, ಅದರ ಮೇಲಿದ್ದ ತನ್ನ ಹೆಸರೂ ಬರಲಿಲ್ಲ. ನಮ್ಮಲ್ಲಿ ಆಗಿದ್ದರೆ ಹಣೆಬರಹ ಅಂತ ಕಟ್ಟೆಯ ಮೇಲೆ ಕೂರುತ್ತಿದ್ದರೇನೋ. ಈತ ಕೂರಲಿಲ್ಲ. 1970ರ ದಶಕದಲ್ಲಿ ಮ್ಯೂಸಿಕ್ ಮ್ಯಾನ್ ಎಂಬ ಕಂಪನಿಯಲ್ಲಿ ಹಳೆಯ ಗೆಳೆಯರೊಂದಿಗೆ ದುಡಿದ. 1976ರಲ್ಲಿ ಅಲ್ಲಿಂದ ಬಂದ ಸ್ಟಿಂಗ್‌ರೇ ಬೇಸ್ ಇವತ್ತಿಗೂ ನುಡಿಯುತ್ತಿದೆ. 1979ರಲ್ಲಿ ಎಸ್ತರ್ ತೀರಿಕೊಂಡಳು. ಅದೇ ಹೊತ್ತಿಗೆ ಮೂರನೆಯ ಕಂಪನಿ ಶುರು ಮಾಡಿದ. ಮೈ ನಡುಗಿಸುವ ಪಾರ್ಕಿನ್ಸನ್ ಕಾಯಿಲೆ ಬಂದ ಮೇಲೂ ಬೆಂಚಿನ ಮುಂದೆ ಕೂರುವುದು ಬಿಡಲಿಲ್ಲ. 1991ರ ಮಾರ್ಚ್ 21ರಂದು ಫುಲರ್ಟನ್ನಿನಲ್ಲೇ ತೀರಿಕೊಂಡ.

ಆತ ಕೊನೆಯವರೆಗೂ ಇದೇ ಸರಿ ಅಂತ ಒಂದು ಪೆಟ್ಟಿಗೆಗೆ ಕಟ್ಟುಬೀಳಲಿಲ್ಲ. ಪ್ರತಿ ಪೆಟ್ಟಿಗೆಯೂ ಯಾರೋ ಒಬ್ಬನ ದೂರಿಗೆ ಕೊಟ್ಟ ಉತ್ತರ. ದೂರು ಬದಲಾದರೆ ಪೆಟ್ಟಿಗೆ ಬದಲು. ನಾನು ಮಾತ್ರ ದೂರು ಏನು ಅಂತಲೇ ತಿಳಿಯದೆ ಉತ್ತರ ಕೊಂಡು ತಂದಿದ್ದೆ.

5

ಎರಡನೆಯ ವರ್ಷ ಅಪ್ಪ ಮೂರೂ ಊರಿಗೆ ನನ್ನ ಜೊತೆ ಬಂದರು. ಕಾರ್ಯಕ್ರಮಕ್ಕೆ ಮುಂಚೆ ನಾನು ಒಂದೇ ನಾಲ್ಕು ಸ್ವರ ನುಡಿಸುತ್ತಾ ಇರುವುದು. ಅವರು ವೇದಿಕೆಯ ಹತ್ತಿರ, ನಡುವೆ, ಕೊನೆಯಲ್ಲಿ ನಿಂತು ಖಾತೆ ಪುಸ್ತಕದಲ್ಲಿ ಗುರುತು ಹಾಕುವುದು. ಹತ್ತಿರದಲ್ಲೇ ಧ್ವನಿಯ ಮೇಜು ನೋಡಿಕೊಳ್ಳುವ ಹಿರಿಯರಿದ್ದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು. ನಮ್ಮ ಧಾರವಾಡದ ಕಡೆಯೂ ಕಾಕಾ ಅಂದ್ರೆ ಚಿಕ್ಕಪ್ಪನೇ ಆದ್ದರಿಂದ ಅಪ್ಪನಿಗೂ ಅವರಿಗೂ ಬೇಗ ಹೊಂದಿತು.

ವಡೋದರಾದ್ದು ತೆರೆದ ಮೈದಾನ. ಹಾಡುವವರು, ನುಡಿಸುವವರು ನಡುವೆ. ಸುತ್ತಲೂ ಬರಿಗಾಲಿನಲ್ಲಿ ಸಾವಿರಾರು ಮಂದಿ, ಸುತ್ತಿನ ಹೊರಗೆ ಸುತ್ತು. ಅಲ್ಲಿ ನನ್ನ ಪೆಟ್ಟಿಗೆ ಜನರಿಗೆ ಕೇಳಿಸಬೇಕಾದ್ದೇ ಇಲ್ಲ ಅಂತ ಕಾಕಾ ತಿಳಿಸಿಕೊಟ್ಟರು. ಒಂದು ಸಣ್ಣ ಡಿ.ಐ. ಡಬ್ಬಿಯ ಮೂಲಕ ಬೇಸಿನ ದನಿ ನೇರ ಅವರ ಮೇಜಿಗೆ ಹೋಗುತ್ತದೆ. ಮೈದಾನಕ್ಕೆ ಅದನ್ನು ಹಂಚುವುದು ಅವರ ದೊಡ್ಡ ಸ್ಪೀಕರುಗಳು. ನನ್ನ ಪೆಟ್ಟಿಗೆ ಇರುವುದು ನನಗೆ, ಪಕ್ಕದ ಢೋಲಿನವರಿಗೆ ಕೇಳಲಿ ಅಂತ ಮಾತ್ರ. ಅದಕ್ಕೆ ಸಣ್ಣದೇ ಸಾಕು. ಅಹಮದಾಬಾದಿನದು ಪಾರ್ಟಿ ಪ್ಲಾಟು. ಹುಲ್ಲುಹಾಸು, ಒಂದು ಕಡೆ ವೇದಿಕೆ, ಅಷ್ಟೇನೂ ದೊಡ್ಡದಲ್ಲದ ಸ್ಪೀಕರುಗಳು. ಗಾಳಿಗೆ ತಡೆಯಿಲ್ಲದ್ದರಿಂದ ಕೆಳಸ್ವರ ಹಾರಿಹೋಗುತ್ತದೆ. ಅಲ್ಲಿ ನನ್ನ ಪೆಟ್ಟಿಗೆಯೂ ದುಡಿಯಬೇಕು. ಸೂರತ್ತಿನ ಒಳಾಂಗಣದಲ್ಲಿ ಯಾವ ಪೆಟ್ಟಿಗೆ ಇಟ್ಟರೂ ಗೋಡೆ ತನ್ನ ಪಾಲು ಕೂಡಿಸುತ್ತದೆ. ಕೆಳಸ್ವರ ಗೋಡೆಯ ಬುಡದಲ್ಲಿ ಉಬ್ಬಿ, ನಡುವೆ ಬತ್ತುತ್ತದೆ. ಅಲ್ಲಿ ಮಾಡಬೇಕಾದ್ದು ಪೆಟ್ಟಿಗೆಯನ್ನು ನೆಲದಿಂದ ಎತ್ತಿಡುವುದು, ಮೂಲೆಯಿಂದ ದೂರ ಇಡುವುದು, ಬೇಸ್ ಗುಂಡಿಯನ್ನು ಇಳಿಸಿ ನಡುಸ್ವರವನ್ನು ಸ್ವಲ್ಪ ಏರಿಸುವುದು. ಸಣ್ಣ ರೇಡಿಯೋದಲ್ಲೂ ನಮಗೆ ಬೇಸಿನ ಸ್ವರ ತಿಳಿಯುತ್ತದಲ್ಲ, ಹಾಗೆಯೇ. ಮೇಲಿನ ಅಂಶಗಳು ಸ್ಪಷ್ಟವಾಗಿದ್ದರೆ ಕೆಳಗಿನದನ್ನು ಕಿವಿ ತಾನೇ ಕಟ್ಟಿಕೊಳ್ಳುತ್ತದೆ.

ಅಪ್ಪನ ಪುಸ್ತಕದ ಒಂಬತ್ತು ಮನೆಗಳು ತುಂಬಿದಾಗ ಉತ್ತರ ಎದ್ದು ಕಂಡಿತು. 15 ಇಂಚಿನ ಒಂದೂ ಬೇಡ, ಒಂದೇ ಪೆಟ್ಟಿಗೆಯಲ್ಲಿ ನಾಲ್ಕು ಹತ್ತೂ ಬೇಡ. ಎರಡೆರಡು ಹತ್ತು ಇಂಚಿನ ಎರಡು ಸಣ್ಣ ಪೆಟ್ಟಿಗೆ. ಒಟ್ಟು ಅದೇ 400. ಒಂದೊಂದನ್ನು ಒಬ್ಬನೇ ಎತ್ತಿ ರೈಲಿನಲ್ಲಿ ಸೀಟಿನ ಪಕ್ಕ ಇಡಬಹುದು. ವಡೋದರಾಕ್ಕೆ ಒಂದು, ಸೂರತ್ತಿಗೆ ಕುರ್ಚಿಯ ಮೇಲೆ ಒಂದು, ಅಹಮದಾಬಾದಿಗೆ ಎರಡೂ. ಎರಡನ್ನೂ ಒಂದರ ಮೇಲೊಂದು ಉದ್ದಕ್ಕೆ ನಿಲ್ಲಿಸಿದರೆ ಸ್ವರ ಅಕ್ಕಪಕ್ಕಕ್ಕೆ ಚೆನ್ನಾಗಿ ಹರಡುತ್ತದೆ, ಮೇಲಿನದು ನನ್ನ ಕಿವಿಯ ಮಟ್ಟಕ್ಕೂ ಬರುತ್ತದೆ. ಒಂದೊಂದು 8 ಓಮಿನದು. ಎರಡು ಜೋಡಿಸಿದರೆ 4 ಓಮು. ನನ್ನ ಆಂಪ್ಲಿಫೈಯರು ತಡೆಯುವುದು ಅಷ್ಟೇ, ಅದಕ್ಕಿಂತ ಇಳಿದರೆ ಸುಟ್ಟೀತು. ಇದನ್ನು ನೋಡದೆ ಮೂರನೆಯ ಪೆಟ್ಟಿಗೆ ಸೇರಿಸಲು ಹೋಗುವವರು ಬಹಳ.

ಹಳೆಯ ಪೆಟ್ಟಿಗೆ 13,000ಕ್ಕೆ ಹೋಯಿತು. ಐದು ಸಾವಿರ ನಷ್ಟ. ಅಪ್ಪ ಅದನ್ನು ಖಾತೆಯಲ್ಲಿ ಬರೆದರು. ಯಾವ ತಲೆಬರಹದ ಕೆಳಗೆ ಅಂತ ಇಣುಕಿ ನೋಡಿದೆ. ನಷ್ಟ ಅಂತ ಇರಲಿಲ್ಲ, ವಿದ್ಯಾಭ್ಯಾಸ ಅಂತ ಇತ್ತು.

ಕಳೆದ ದಸರೆಗೆ ಸೂರತ್ತಿನಲ್ಲಿ ಹೊರಸುತ್ತಿನ ಚಪ್ಪಾಳೆ ಢೋಲಿನ ಪೆಟ್ಟಿಗೆ ಸರಿಯಾಗಿ ಬಿತ್ತು. ಯಜಮಾನರು ಹೊಗಳಲಿಲ್ಲ. ಮುಂದಿನ ವರ್ಷದ ತಾರೀಖು ಬರೆದುಕೋ ಅಂದರು, ಅಷ್ಟು ಸಾಕು. ಆ ರಾತ್ರಿ ಮನೆಗೆ ಬಂದು, ಎಲ್ಲರೂ ಉಣ್ಣಲು ಕೂತಾಗ, ಲಿಯೋ ಫೆಂಡರನ ಕಥೆಯನ್ನು ಮೊದಲಿಂದ ಹೇಳಿದೆ. ಲೆಕ್ಕಿಗನ ಕೆಲಸ ಎರಡು ಸಲ ಹೋದದ್ದನ್ನೂ ಈ ಸಲ ಬಿಡದೆ ಹೇಳಿದೆ. ಅಪ್ಪ ಏನೂ ಅನ್ನಲಿಲ್ಲ, ಸಾರು ಇನ್ನೊಂದು ಸಲ ಹಾಕಿಸಿಕೊಂಡರು. ಅವ್ವ ಮಾತ್ರ, ಆ ಅಂಗಡಿ ನಡೆಯೋವರೆಗೆ ಮನೆ ಹ್ಯಾಂಗ ನಡೀತು ಅಂತ ಕೇಳಿದಳು. ಹೆಂಡತಿಯ ಟೆಲಿಫೋನ್ ಕಂಪನಿ ಸಂಬಳದಿಂದ ಅಂದೆ. ಅವ್ವ ಹೂಂ ಅಂದು, ಮಡಿಲಲ್ಲಿದ್ದ ಚೋಳಿಯ ಕನ್ನಡಿ ಚೂರನ್ನು ದೀಪಕ್ಕೆ ಹಿಡಿದು ದಾರ ಕಡಿದಳು.